ಓಡದ, ಹಾರದ ಯೋಗ

ಬೆನ್ನಿನ ಆಪರೇಷನ್ ಆಗಿ ಮೂರು ತಿಂಗಳಿಗೆ ಯೋಗದ ಟೀಚರ್ ಶಾಲೆಗೆ ಮರಳಿದರು. ಹಾರಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಸಲೀಸಾಗಿ ಹೇಳಿ ಕಳಿಸಿದ್ದರು. ಹೇಳುವುದಕ್ಕೇನು, ಇಪ್ಪತ್ತೆರಡು ವರ್ಷ ಮಕ್ಕಳಿಗೆ ಎಲ್ಲವನ್ನೂ ಮಾಡಿ ತೋರಿಸಿಯೇ ಕಲಿಸಿದವರಿಗೆ ಈಗ ಮೈಯೇ ಕೈಕೊಟ್ಟಿತ್ತು.

ಹೆಡ್ ಮೇಡಂ ಕೆಟ್ಟವರಲ್ಲ. ಒಂದು ತಿಂಗಳು ನೋಡೋಣ, ಆಗದಿದ್ದರೆ ಪಕ್ಕದ ಬೀದಿಯ ಜಿಮ್ಮಿನ ಹುಡುಗಿಗೆ ಕ್ಲಾಸು ಕೊಡೋಣ, ನಿಮಗೂ ವಿಶ್ರಾಂತಿ ಸಿಕ್ಕ ಹಾಗಾಯಿತು ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ್ದರು. ವಿಶ್ರಾಂತಿ ಯಾರಿಗೆ ಬೇಕಿತ್ತು? ಎರಡನೇ ಕ್ಲಾಸಿನ ಆ ಇಪ್ಪತ್ತು ಪುಟಾಣಿಗಳನ್ನು ಬಿಟ್ಟುಕೊಡುವುದೆಂದರೆ ಟೀಚರಿಗೆ ಜೀವ ಕಿತ್ತುಕೊಟ್ಟ ಹಾಗೆ.

ಸರಿ, ಓಡದೆ ಹಾರದೆ ಆಡುವ ಯೋಗ ಯಾವುದಿದೆ ಎಂದು ಮನೆಯಲ್ಲಿ ಯೋಜನೆ ಶುರುವಾಯಿತು. ಗಂಡ ದರ್ಜಿ. ಹೊಲಿಗೆ ಮೆಷಿನ್ ಬದಿಗೆ ಸರಿಸಿ, ಕತ್ತರಿಸಿದ ಬಟ್ಟೆಚೂರುಗಳ ನಡುವೆ ನೆಲದ ಮೇಲೆ ಮಲಗಿ ಅವನೇ ಮೊದಲ ವಿದ್ಯಾರ್ಥಿಯಾದ. ಚೂರುಬಟ್ಟೆಯಲ್ಲಿ ಅಂಗೈಯಗಲದ ಇಪ್ಪತ್ತು ಮರಳಿನ ಚೀಲ ಹೊಲಿದುಕೊಟ್ಟಿದ್ದೂ ಅವನೇ. ಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಂಡು ಉಸಿರಿನಲ್ಲೇ ಅದನ್ನು ಏರಿಸಿ ಇಳಿಸಬೇಕು, ಬೀಳಿಸಿದವರು ಔಟ್. ಹತ್ತು ಎಣಿಸುವಷ್ಟರಲ್ಲಿ ದರ್ಜಿ ಗೊರಕೆ ಹೊಡೆಯತೊಡಗಿದ, ಚೀಲ ಮಾತ್ರ ಬೀಳಲಿಲ್ಲ. 'ಊಟವಾದ ಮೇಲೆ ಬೇಡ' ಎಂದು ಟೀಚರ್ ಪುಸ್ತಕದಲ್ಲಿ ಬರೆದುಕೊಂಡರು.

ಮಕ್ಕಳಿಗೆ ಆಟ ಹಿಡಿಸಿತು. ಟೀಚರಿಗೆ ಉಳಿದಿದ್ದ ಕಷ್ಟ ಒಂದೇ, ಮಲಗಿ ತೋರಿಸಿದ ಮೇಲೆ ಚಾಪೆಯಿಂದ ಏಳುವುದು. ಆ ಫಜೀತಿಯನ್ನು ಮಕ್ಕಳು ನೋಡಿದರೆ ಮನೆಯಲ್ಲಿ ಹೇಳುತ್ತವೆ, ಮನೆಯವರು ಹೆಡ್ ಮೇಡಂಗೆ ಹೇಳುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಹಾಗಾಗಿ ಪ್ರತಿ ಕ್ಲಾಸಿನ ಕೊನೆಗೆ ಕಣ್ಣು ಮುಚ್ಚಿ ಐವತ್ತರವರೆಗೆ ಮನಸ್ಸಿನಲ್ಲೇ ಎಣಿಸಿ ಎನ್ನುವರು. ಮಕ್ಕಳು ಕಣ್ಣು ಬಿಡುವಾಗ ಏನೂ ಆಗದವರಂತೆ ನಗುತ್ತಾ ನಿಂತಿರುವರು.

ತಿಂಗಳ ಕೊನೆಯ ಕ್ಲಾಸಿಗೆ ಹೆಡ್ ಮೇಡಂ ಬಂದು ಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಅವತ್ತಿನ ಆಟಕ್ಕೆ ಮನೆಪಾಠ ಇತ್ತು. ಯಾವುದಾದರೂ ಒಂದು ಜೀವಿಯನ್ನು ಸುಮ್ಮನೆ ಕೂತು ನೋಡಿ, ಅದು ಮಲಗಿದಲ್ಲಿಂದ ಹೇಗೆ ಏಳುತ್ತದೆಂದು ಮಾಡಿ ತೋರಿಸಬೇಕು, ಉಳಿದವರು ಹಾಗೇ ಮಾಡಬೇಕು. ಬೆಕ್ಕು ಎದ್ದಿತು, ನಾಯಿ ಎದ್ದಿತು. ಬಸವನಹುಳುವಾಗಿ ಮಲಗಿದವನು ಮಾತ್ರ ಏಳಲೇ ಇಲ್ಲ, ಅವನನ್ನು ಎಬ್ಬಿಸುವುದರಲ್ಲಿ ಎಲ್ಲರಿಗೂ ಸಾಕುಬೇಕಾಯಿತು.

ಆಮೇಲೆ ಎರಡು ಜಡೆಯ ಪುಟ್ಟಿ ಬಂದು ಅಂಗಾತ ಮಲಗಿದಳು. ನಿಧಾನಕ್ಕೆ ಒಂದು ಮಗ್ಗುಲಿಗೆ ಹೊರಳಿದಳು. ಅಂಗೈ ಊರಿ ಮೈ ಎತ್ತಿ, ಒಂದು ಮಂಡಿ ಊರಿ, ಸೊಂಟದ ಮೇಲೆ ಕೈಯಿಟ್ಟು ಎರಡು ಉಸಿರು ಕಾದಳು. ತುಟಿ ಕಚ್ಚಿಕೊಂಡು ಎದ್ದಳು. ಎದ್ದವಳೇ ನಕ್ಕಳು. ಉಳಿದವರೂ ಒಂದಿಷ್ಟೂ ತಪ್ಪದೆ, ಆ ನಗೆಯನ್ನೂ ಸೇರಿಸಿ, ಹಾಗೇ ಮಾಡಿದರು.

ಇದು ಯಾವ ಪ್ರಾಣಿ ಎಂದು ಹೆಡ್ ಮೇಡಂ ಕೇಳಿದರು.

"ಟೀಚರ್," ಎಂದಳು ಪುಟ್ಟಿ.

ಟೀಚರ ಮುಖ ಕಿವಿಯವರೆಗೂ ಕೆಂಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಣ್ಣು ಮುಚ್ಚಿ ಎಂದರೆ ಯಾವ ಮಗು ಪೂರ್ತಿ ಮುಚ್ಚುತ್ತದೆ, ಇಪ್ಪತ್ತೆರಡು ವರ್ಷ ಕಲಿಸಿದವರಿಗೆ ಇಷ್ಟೂ ತಿಳಿಯಬಾರದೇ!

ಅಣಕಿಸುತ್ತಿದ್ದೀಯಾ ಎಂದು ಹೆಡ್ ಮೇಡಂ ದನಿ ಏರಿಸಿದರು. ಪುಟ್ಟಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನಮ್ಮಜ್ಜಿ ಬಿದ್ದಿದ್ರಲ್ಲ, ಆಮೇಲೆ ಕೆಳಗೆ ಕೂತ್ಕೊಳ್ಳೋಕೇ ಹೆದರ್ತಿದ್ರು, ಏಳೋಕಾಗಲ್ಲ ಅಂತ. ನಾನು ಇದನ್ನ ಹೇಳ್ಕೊಟ್ಟೆ. ಈಗ ದಿನಾ ನೆಲದ ಮೇಲೆ ಕೂತು ನನ್ ಜೊತೆ ಆಡ್ತಾರೆ."

ಹೆಡ್ ಮೇಡಂ ಟೀಚರ ಯೋಜನೆಯ ಪುಸ್ತಕ ತರಿಸಿಕೊಂಡು ಹಾಳೆ ತಿರುವಿದರು. ಇದು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಇಲ್ಲ ಮೇಡಂ, ಇದು ನಾನು ಕಲಿಸಿದ್ದಲ್ಲ ಎಂದರು ಟೀಚರ್.

"ಹಾಗಾದ್ರೆ ಬರ್ಕೊಳ್ಳಿ. ಮುಂದಿನ ತಿಂಗಳದ್ದೂ ಬರ್ದಿಟ್ಕೊಳ್ಳಿ."

ಗಂಟೆ ಹೊಡೆಯಿತು. ಟೀಚರ್ ಇನ್ನೂ ಚಾಪೆಯ ಮೇಲೇ ಕೂತಿದ್ದರು, ಮಕ್ಕಳೆಲ್ಲ ನಿಂತು ನೋಡುತ್ತಿದ್ದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವರು ಮಗ್ಗುಲಿಗೆ ವಾಲಿ, ಅಂಗೈ ಊರಿ, ಮಂಡಿಯೂರಿದರು. ತುಟಿ ಕಚ್ಚುವಷ್ಟರಲ್ಲಿ ಪುಟ್ಟಿ ಹತ್ತಿರ ಬಂದು ನಿಂತಳು.

"ಅಜ್ಜಿ ಇಲ್ಲಿ ನನ್ ಕೈ ಹಿಡ್ಕೊಳ್ತಾರೆ ಟೀಚರ್. ನೀವು ಮಾತ್ರ ಯಾರ ಕೈನೂ ಹಿಡ್ಕೊಳ್ಳಲ್ಲ."

ಚಾಚಿದ ಆ ಕೈಯಲ್ಲಿ ಹೇಳಿಕೊಳ್ಳುವಂಥ ಬಲವೇನೂ ಇರಲಿಲ್ಲ. ಟೀಚರ್ ಅದನ್ನು ಹಿಡಿದುಕೊಂಡೇ ಎದ್ದರು.