ಎದುರು ಗುಡ್ಡದ ‘ಅದು’

“ಕೈ ಇಳಿಸಯ್ಯ ಮೇಷ್ಟ್ರೇ. ಒಳಗೆ ಕೂತು ಸೂರು ತೋರಿಸಿದ್ರೆ ನನ್ನ ಬಾಯಲ್ಲಿ ‘ಮೇಲಿನದು’ ಅನ್ನೋ ನಮ್ಮ ಮಾತು ಬರಲ್ಲ,” ಎಂದು ಸಂಚಮಾಯಾ ಎದ್ದು ಅಂಗಳಕ್ಕೆ ನಡೆದಳು. ಧನಹಾಂಗ ಮೇಷ್ಟ್ರು ಫೋನು ಹಿಡಿದು ಹಿಂದೆಯೇ ಬಂದರು. ಒಂದನೇ ತರಗತಿಯ ರಾಯಿ ಭಾಷೆಯ ಪುಸ್ತಕಕ್ಕೆ ಆಕೆಯ ದನಿ ದಾಖಲಿಸಿಕೊಳ್ಳಬೇಕಿತ್ತು.

ರಾಯಿ ಆಡುವ ಆ ಗುಡ್ಡದವರಿಗೆ ಬರೀ ‘ಅದು’ ಅನ್ನುವ ಮಾತೇ ಇಲ್ಲ. ಮೇಲಿನದಕ್ಕೆ ಒಂದು, ಕೆಳಗಿನದಕ್ಕೆ ಒಂದು, ಹೊಳೆಯಾಚೆ ಸಮಸಮಕ್ಕೆ ಇರುವುದಕ್ಕೆ ಇನ್ನೊಂದು. ಈಗಿನ ಮಕ್ಕಳು ಎಲ್ಲವನ್ನೂ ನೇಪಾಳಿಯ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ಸಂಚಮಾಯಾ ಮೇಲಿನ ಏಲಕ್ಕಿ ತೋಟ ತೋರಿಸಿ ಒಂದು ಮಾತು ಹೇಳಿದಳು. ಕೆಳಗಿನ ರಾಗಿ ಹೊಲ ತೋರಿಸಿ ಇನ್ನೊಂದು.

“ಇನ್ನು ಆಚೆಯದು, ದೊಡ್ಡಮ್ಮ.”

“ಆಚೆ ಏನೂ ಇಲ್ಲ.”

“ಅಯ್ಯೋ, ನೀಲಿ ತಗಡಿನ ಮನೆ ಅಷ್ಟು ದೊಡ್ಡದಾಗಿ ಕಾಣ್ತಿದೆಯಲ್ಲ!”

“ನನಗೆ ಮಂಜು ಕಾಣ್ತಿದೆ.”

ಬಿಸಿಲು ಚುರುಗುಟ್ಟುತ್ತಿತ್ತು. ಮಂಜಿನ ಸುಳಿವೂ ಇರಲಿಲ್ಲ.

ಆ ಮನೆಯ ಹುಡುಗನ ಜೊತೆ ಮಗಳು ಮನರೂಪಾ ಓಡಿಹೋಗಿ ಆರು ವರ್ಷ. ಮೂರನೇ ದಿನ ಅವನ ಕಡೆಯ ಹಿರಿಯರು ವಾಡಿಕೆಯಂತೆ ರಾಗಿ ಸಾರಾಯಿಯ ಗಡಿಗೆ ಹೊತ್ತು, ಹೆಣ್ಣು ಕದ್ದ ತಪ್ಪು ಒಪ್ಪಿಕೊಳ್ಳಲು ಬಂದಿದ್ದರು. ತಾಯಿ ಅದನ್ನು ಕುಡಿಯುವ ತನಕ ಮಗಳು ತವರಿನ ಹೊಸಿಲು ತುಳಿಯುವ ಹಾಗಿಲ್ಲ. ಸಂಚಮಾಯಾ ಗಡಿಗೆಯ ಬಾಯಿಕಟ್ಟನ್ನೂ ಬಿಚ್ಚದೆ ವಾಪಸು ಕಳಿಸಿದಳು. ಪ್ರತಿ ವರ್ಷ ರಾಗಿ ಕೊಯ್ಲಾದ ಮೇಲೆ ಗಡಿಗೆ ಬಂತು, ಹೋಯಿತು. ಈ ವರ್ಷ ಕೊಯ್ಲು ಮುಗಿದು ತಿಂಗಳಾದರೂ ಯಾರೂ ಬರಲಿಲ್ಲ. ಕೈಬಿಟ್ಟರೇನೋ ಎಂದು ಅವಳು ದಿನವೂ ಕೆಳಗಿನ ತೂಗುಸೇತುವೆಯತ್ತ ಕಣ್ಣು ಹಾಯಿಸುತ್ತಿದ್ದಳು. ಆದರೆ ಹಾಳು ಬಿಂಕ, ಯಾರನ್ನಾದರೂ ಕೇಳುವುದಕ್ಕೂ ಬಿಡದು.

“ಹೋಗ್ಲಿ ಬಿಡಿ,” ಎಂದರು ಮೇಷ್ಟ್ರು. “ಆ ಪುಟ ಖಾಲಿ ಬಿಡ್ತೀನಿ. ಆಚೆ ಏನೂ ಇಲ್ಲ ಅಂತ ಮಕ್ಕಳು ಕಲೀಲಿ.”

“ಖಾಲಿ ಬಿಡ್ತಾನಂತೆ ಖಾಲಿ! ನನ್ನ ಮಗಳು ಅಲ್ಲಿ ಬದುಕಿ ಬಾಳ್ತಿಲ್ವೇನೋ?” ಸಂಚಮಾಯಾ ಕೈ ನೀಡಿ ಆ ಮೂರನೆಯ ಮಾತನ್ನು ಗಟ್ಟಿಯಾಗಿ ಹೇಳಿದಳು. “ಅದು! ಅದು ನನ್ನ ಮಗಳ ಮನೆ!”

“ಸಾಕು ದೊಡ್ಡಮ್ಮ, ಫೋನಲ್ಲಿ ಬಂತು.”

ಅವಳಿಗೆ ಸಾಕಾಗಿರಲಿಲ್ಲ. ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗಿದಳು. “ಮನರೂಪಾ! ಈ ವರ್ಷ ಗಡಿಗೆ ಯಾಕೇ ಬರಲಿಲ್ಲ?”

ಆಚೆ ಅಂಗಳದಲ್ಲಿ ರಾಗಿ ಹರಡುತ್ತಿದ್ದ ಹೆಂಗಸು ನೆಟ್ಟಗೆ ನಿಂತಳು. ಹೊಳೆ ದಾಟಿ ಮಗಳ ದನಿ ಬಂತು. “ಆರು ಸಲ ವಾಪಸ್ ಕಳಿಸಿದ್ಯಲ್ಲಮ್ಮಾ!”

“ಏಳನೇ ಸಲಾನೂ ಕಳಿಸ್ತೀನಿ ಅಂತ ಯಾವಳು ಹೇಳಿದ್ದು?”

ಆಚೆ ಮನರೂಪಾ ಒಳಗೆ ಓಡಿದ್ದು ಕಂಡಿತು.

ಸಂಚಮಾಯಾ ಕಣ್ಣೊರೆಸಿಕೊಂಡು ಅಟ್ಟದಿಂದ ಸಾರಾಯಿ ಕುಡಿಯುವ ಕಂಚಿನ ಬಟ್ಟಲುಗಳನ್ನು ಇಳಿಸಿ, ಅಂಗಳದಲ್ಲಿ ಕೂತು ಬೂದಿ ಹಾಕಿ ತಿಕ್ಕತೊಡಗಿದಳು. ಆರು ವರ್ಷದ ಕಿಲುಬು, ಸುಲಭಕ್ಕೆ ಬಿಡಲಿಲ್ಲ. ಮೇಷ್ಟ್ರೂ ಹೊರಡಲಿಲ್ಲ, ಜಗಲಿಯ ಮೇಲೆ ಚಹಾ ಕುಡಿಯುತ್ತಾ ಕೂತರು. ನೆರಳು ಒಂದು ಮೊಳ ಸರಿದಿತ್ತು. ಅವರು ಥಟ್ಟನೆ ಎದ್ದು ಕೈ ತೋರಿಸಿ, ಈಗಷ್ಟೇ ದಾಖಲಿಸಿಕೊಂಡ ಆಚೆಯ ಮಾತನ್ನೇ ಬಳಸಿದರು. “ದೊಡ್ಡಮ್ಮ, ಅದು ನೋಡಿ, ನಿಮ್ಮ ಮಗಳು!”

ಸಂಚಮಾಯಾ ತಲೆ ಎತ್ತಲಿಲ್ಲ.

“ಇಷ್ಟೊತ್ತಿಗೆ ಗುಡ್ಡ ಇಳಿದು ತೂಗುಸೇತುವೆ ಹತ್ರ ಬಂದಿರ್ತಾಳೆ. ಕೆಳಗಿನ ಮಾತು ಹೇಳಯ್ಯ,” ಎಂದು ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.