ಕೂಡದ ಮದರ್‌ಬೋರ್ಡ್

ದೇಹೂ ರೋಡಿನ ಮನೆಗೆ ಆರತಿ ಕಾಲಿಟ್ಟಾಗ ಅಣ್ಣ ದೇವಾನಂದ ಬಾಗಿಲಲ್ಲೇ ಕಾಯುತ್ತಿದ್ದ. ಹಿಂದಿನಿಂದ ಅವಳ ಕಣ್ಣು ಮುಚ್ಚಿ, ಒಳಗೆ ನಡೆಸಿಕೊಂಡು ಹೋಗಿ ಟ್ರಂಕಿನ ಮುಂದೆ ನಿಲ್ಲಿಸಿ ಕೈ ತೆಗೆದ.

"ಈಗ ನೋಡು."

ಟ್ರಂಕಿನ ಮೇಲೆ ಟವೆಲ್ ಹಾಸಿ ಒಂದು ಹೊಚ್ಚ ಹೊಸ ಮದರ್‌ಬೋರ್ಡ್ ಇಟ್ಟಿದ್ದ. ಅದರ ನಡುವೆ, ಅರ್ಧ ಮುಚ್ಚಿದ ಲೋಹದ ಚೌಕಟ್ಟಿನ ಕೆಳಗೆ, ಅವಳ ಪ್ರೊಸೆಸರ್ ಓರೆಯಾಗಿ ಸಿಕ್ಕಿಕೊಂಡಿತ್ತು.

ಆರತಿಯ ಹೆಗಲಿನ ಚೀಲ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ.

ಕಂಪ್ಯೂಟರಿನ ಮಿದುಳಿನಂಥ ಆ ಪ್ರೊಸೆಸರ್ ಅವಳು ಗೆದ್ದದ್ದು. ನಿಗಡಿಯಲ್ಲಿ ಡಿಪ್ಲೊಮಾ ಓದುತ್ತಿದ್ದ ಆರತಿ, ಕಾಲೇಜಿನ ಐವರು ಹುಡುಗಿಯರ ಗೇಮಿಂಗ್ ತಂಡದ ನಾಯಕಿ. ಆಕುರ್ಡಿಯ ಪಂದ್ಯದಲ್ಲಿ ಅತ್ಯುತ್ತಮ ಆಟಗಾರ್ತಿಗೆ ಕೊಟ್ಟ ಬಹುಮಾನ ಅದು. ಅವ್ವ ಶರಣಮ್ಮ ಕಟ್ಟಡದ ಕೆಲಸಕ್ಕೆ ಹೋಗುವವಳು; ಅದೇನೆಂದು ತಿಳಿಯದಿದ್ದರೂ ತನ್ನ ಒಳ್ಳೆಯ ಸೀರೆಯ ಮಡಿಕೆಯಲ್ಲಿ ಸುತ್ತಿ ಕಾಪಾಡಿದ್ದಳು. ಮುಂದಿನ ಸುತ್ತು ಸಂಜೆಯ ಹೊತ್ತು, ಆನ್‌ಲೈನಿನಲ್ಲಿ. ಆ ಹೊತ್ತಿನಲ್ಲಿ ಅವಳು ಹೊರಗೆ ಉಳಿಯುವಂತಿರಲಿಲ್ಲ, ಅದಕ್ಕೆ ಮನೆಯಲ್ಲೇ ಕಂಪ್ಯೂಟರ್ ಬೇಕಾಗಿತ್ತು. ಅವಳು ಅಭ್ಯಾಸಕ್ಕೆ ಹೋಗುತ್ತಿದ್ದ ಗೇಮಿಂಗ್ ಕೆಫೆಯ ಮಧುಕರ ಹಳೆಯ ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಬಿಡಿಭಾಗ ಒಳಗಿಡುವ ಸಣ್ಣದೊಂದು ಕ್ಯಾಬಿನೆಟ್ ಕೊಟ್ಟಿದ್ದ. ತಂಡದ ಸುರಭಿ ಎರಡು ರ್‍ಯಾಮ್ ಕೊಟ್ಟಿದ್ದಳು. ಉಳಿದದ್ದು ಇವನ್ನೆಲ್ಲ ಜೋಡಿಸುವ ಮದರ್‌ಬೋರ್ಡ್ ಒಂದೇ.

ಅದು ಸಿಕ್ಕಿದ್ದನ್ನು ತರುವ ವಸ್ತುವಲ್ಲ. ಪ್ರೊಸೆಸರಿನ ಕಾಲುಗಳು ಅದರ ತೂತುಗಳಿಗೆ ಹೊಂದಬೇಕು, ರ್‍ಯಾಮ್ ಅದರ ಸೀಳಿಗೆ ಹೊಂದಬೇಕು, ಬೋರ್ಡು ಕ್ಯಾಬಿನೆಟ್ಟಿನೊಳಗೆ ಹಿಡಿಸಬೇಕು. ಪರೀಕ್ಷೆಯ ನಡುವೆಯೂ ಹುಡುಕಿ ಹುಡುಕಿ ಆರತಿ 550 ಅನ್ನುವ ಒಂದು ಸಣ್ಣ ಬೋರ್ಡನ್ನು ಆರಿಸಿದ್ದಳು. ಯಾವುದು ಬೇಕು ಅಂತ ಅಣ್ಣ ಕೇಳಿದಾಗ ಹೆಸರನ್ನು ಅವನ ಫೋನಿಗೆ ಕಳಿಸಿಯೂ ಇದ್ದಳು.

"ಅಣ್ಣಾ, ಇದು ಯಾವ ಬೋರ್ಡ?"

"ನೀ ಹೇಳಿದ್ದಕ್ಕಿಂತ ಮ್ಯಾಲಿಂದು! 550 ಮುಗದದ, 650 ಹೊಸಾದು ಬಂದದ ಅಂದ ಅಂಗಡ್ಯಾಂವ. ನಮ್ಮ ಆರತಿಗಿ ಹೊಸಾದೇ ಇರಲಿ ಅಂತ ತಂದೀನಿ."

"ಪ್ರೊಸೆಸರ್ ಯಾರು ಹಾಕಿದ್ರು?"

"ನಾನೇ. ವಿಡಿಯೋ ನೋಡಿ ಹಾಕೀನಿ. ಅದು ಸುಮ್ನ ಕೂಡಲಿಲ್ಲ. ಹೆಬ್ಬಟ್ಟಿಲೆ ಜರಾ ಒತ್ತಿ ಆ ಸರಳು ಎಳದೆ, ಕರ್ ಅಂತು. ಅಂಜಿ ಅಲ್ಲಿಗೇ ಬಿಟ್ಟೀನಿ."

ದೇವಾನಂದ ಕಾರ್ಖಾನೆಯಲ್ಲಿ ಪ್ರೆಸ್ ಮಷೀನ್ ನಡೆಸುವವನು. ಅಲ್ಲಿ ಕೂಡದ್ದನ್ನು ಒತ್ತಿ ಕೂಡಿಸುವುದೇ ಕೆಲಸ.

ಆರತಿ ಚೌಕಟ್ಟು ಎತ್ತಿ ಪ್ರೊಸೆಸರನ್ನು ತಿರುಗಿಸಿದಳು. ಹೊಲಿಗೆ ಸೂಜಿಗಿಂತ ಸಪೂರವಾದ, ಬಂಗಾರದ ಬಣ್ಣದ ಸಾವಿರಕ್ಕೂ ಹೆಚ್ಚು ಕಾಲುಗಳು ಅದಕ್ಕೆ. ಒಂದು ಮೂಲೆಯವು ಗಾಳಿಗೆ ಮಲಗಿದ ಜೋಳದಂತೆ ಒಂದರ ಮೇಲೊಂದು ಬಿದ್ದಿದ್ದವು. 650ರಲ್ಲಿ ಕಾಲು ಇಳಿಸಲು ತೂತುಗಳೇ ಇರಲಿಲ್ಲ. ಅದಕ್ಕೆ ಅದರದೇ ನವಿರಾದ ಮುಳ್ಳುಗಳು, ಅವೂ ಜಜ್ಜಿಹೋಗಿದ್ದವು. ಸುರಭಿಯ ರ್‍ಯಾಮ್ ಅದರ ಸೀಳಿಗೆ ಇಳಿಯುವಂತಿರಲಿಲ್ಲ. ಬೋರ್ಡೇ ಕ್ಯಾಬಿನೆಟ್ಟಿಗಿಂತ ನಾಲ್ಕು ಬೆರಳು ಉದ್ದ.

ಆರತಿ ಅಣ್ಣನ ನಗು ನಿಧಾನಕ್ಕೆ ಆರಿಹೋಗುವುದನ್ನು ನೋಡುತ್ತ ನಿಂತಳು.

"ಏನಾತು? ಆರತೀ, ಏನರ ಹೇಳು. ಬೈಯಿ ಬೇಕಾದ್ರ."

"ಏನಿಲ್ಲಣ್ಣಾ," ಅಂದಳು. ಮನೆಯಲ್ಲಿ ಅವಳು ಎಂದೂ ದನಿ ಎತ್ತಿದವಳಲ್ಲ.

ಮರುದಿನ ಇಬ್ಬರೂ ಅಂಗಡಿಗೆ ಹೋದರು. ಅಂಗಡಿಯವನು ಬೋರ್ಡಿನೊಳಗೆ ಟಾರ್ಚ್ ಬಿಟ್ಟು ನೋಡಿ, ಮುಳ್ಳು ಮುರಿದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದ. ದೇವಾನಂದ ಮೊದಲು ವಾದ ಮಾಡಿದ. ಆಮೇಲೆ ಗಿರಾಕಿಗಳೆಲ್ಲ ನೋಡುತ್ತಿರುವಂತೆಯೇ ಕೈ ಜೋಡಿಸಿ ನಿಂತುಬಿಟ್ಟ. ಆರತಿಗೆ ನಿನ್ನೆಯದಕ್ಕಿಂತ ದೊಡ್ಡ ಪೆಟ್ಟು ಬಿದ್ದಂತಾಯಿತು. ಸೂಪರ್‌ವೈಸರನ ಮುಂದೆಯೂ ತಲೆ ಬಗ್ಗಿಸದ ಅಣ್ಣ.

"ನಡಿ ಅಣ್ಣಾ," ಎಂದು ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಅಲ್ಲಿಂದ ನೇರ ಮಧುಕರನ ಕೆಫೆಗೆ. ಪ್ರೊಸೆಸರ್ ನೋಡಿದ ಮಧುಕರ ಕುರ್ಚಿಯಿಂದ ಎದ್ದೇಬಿಟ್ಟ. ಇದರ ಮೇಲೆ ಯಾರಾದರೂ ಕೂತರೇ ಎಂದು ಮರಾಠಿಯಲ್ಲಿ ಕೇಳಿದ. ದೇವಾನಂದ ನೆಲ ನೋಡಿದ. ಕಾಲುಗಳನ್ನು ನೇರ ಮಾಡಬಹುದು, ಆದರೆ ತನಗೆ ಕೈ ನಡುಗುತ್ತದೆ, ಬೇಕಾದರೆ ನೀನೇ ಮಾಡು ಎಂದು ಮಧುಕರ ಭೂತಗನ್ನಡಿ ತಂದುಕೊಟ್ಟ. ಆರತಿ ತನ್ನ ಕ್ಲಿಕ್ ಪೆನ್ಸಿಲಿನಿಂದ ಸೀಸ ತೆಗೆದಳು. ಅದರ ಟೊಳ್ಳು ತುದಿಯನ್ನು ಒಂದೊಂದೇ ಕಾಲಿಗೆ ತೊಡಿಸಿ ಉಸಿರು ಬಿಗಿಹಿಡಿದು ಎತ್ತತೊಡಗಿದಳು. ಪಕ್ಕದ ಮೇಜುಗಳಲ್ಲಿ ಆಡುತ್ತಿದ್ದವರೂ ಆಟ ಬಿಟ್ಟು ಬಂದು ಸುತ್ತ ನಿಂತರು.

ಸಾಲಿಗೆ ಸಾಲು ಎದ್ದು ನಿಂತಿತು. ಇನ್ನೇನು ಮುಗಿಯಿತು ಅನ್ನುವಾಗ,

"ಥಾಂಬ!" ನಿಲ್ಲು ಎಂದು ಮಧುಕರ ಮರಾಠಿಯಲ್ಲಿ ಕೂಗಿದ.

ತಡವಾಗಿತ್ತು. ಪೆನ್ಸಿಲ್ ಎತ್ತಿದಾಗ ಒಂದು ಕಾಲು ಅದರ ತುದಿಯಲ್ಲೇ ಬಂದುಬಿಟ್ಟಿತ್ತು. ದೇವಾನಂದ ಗೋಡೆಗೆ ಒರಗಿ ಹಾಗೇ ಕುಸಿದು ಕೂತ.

"ನಾ ಮುಟ್ಟಬಾರದಿತ್ತು," ಎಂದ. "ನಾ ಮುಟ್ಟಬಾರದೇ ಇತ್ತು."

ಮಧುಕರ ತನ್ನದೊಂದು ಹಳೆಯ ಕಂಪ್ಯೂಟರ್ ಬಿಚ್ಚಿದ. ಅದರ ಬೋರ್ಡಿಗೆ ತೂತುಗಳಿದ್ದವು, ಸುರಭಿಯ ರ್‍ಯಾಮೂ ಹಿಡಿಸಿತು. ಪ್ರೊಸೆಸರನ್ನು ಆರತಿ ಒತ್ತಲಿಲ್ಲ, ಬರೀ ಇಟ್ಟಳು. ಅದು ತಾನಾಗಿಯೇ ಕೆಳಗಿಳಿದು ಕೂತಿತು. ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಒಂದು ರ್‍ಯಾಮ್ ತೆಗೆದು ನೋಡಿದರು, ಆಗಲೂ ಕಪ್ಪು. ಉಳಿದದ್ದನ್ನು ಇನ್ನೊಂದು ಸೀಳಿಗೆ ಬದಲಿಸಿದಾಗ ಪರದೆ ಬೆಳಗಿತು. ಕೆಫೆಯ ತುಂಬ ಕೂಗು ಎದ್ದಿತು. ಆರತಿ ಮಾತ್ರ ಬಾಯಿ ತೆರೆದು ನೋಡುತ್ತ ಕೂತಳು, ನಂಬಿಕೆಯೇ ಆಗದೆ.

ಮುರಿದ ಕಾಲಿನಿಂದ ಒಂದು ಸೀಳು ಸತ್ತಿತ್ತು. ಅರ್ಧ ರ್‍ಯಾಮಿನಲ್ಲೇ ಆಡಬೇಕು, ಅಷ್ಟೇ. ಮಧುಕರ ಕ್ಯಾಬಿನೆಟ್ಟಿಗೂ ಹಿಡಿಸುವ ತನ್ನ ಬೋರ್ಡನ್ನು ಅವಳಿಗೇ ಕೊಟ್ಟು, ಜಜ್ಜಿದ 650ನ್ನು ರಿಪೇರಿ ಮಾಡಿಸಿ ನೋಡುತ್ತೇನೆಂದು ಇಟ್ಟುಕೊಂಡ.

ಪಂದ್ಯದ ಸಂಜೆ ಶರಣಮ್ಮ ಕೆಲಸದಿಂದ ಬೇಗ ಬಂದು ಒಲೆಯ ಪಕ್ಕ ಕೂತಳು. ದೇವಾನಂದ ಕಂಪ್ಯೂಟರಿನಿಂದ ಆದಷ್ಟು ದೂರ, ಬಾಗಿಲ ಬಳಿ ಕೈಕಟ್ಟಿ ನಿಂತ. ಆರತಿ ಹೆಡ್‌ಫೋನ್ ಹಾಕಿಕೊಂಡಳು. ಪರದೆಯ ಮೇಲೆ ಚಿತ್ರ ಅಲ್ಲಲ್ಲಿ ತಡವರಿಸಿತು, ಆದರೆ ನಿಲ್ಲಲಿಲ್ಲ.

"ಸುರಭೀ, ಎಡಕ್ಕೆ! ಎಡಕ್ಕೆ ಅಂದೆ! ನಾ ಹೇಳೋತನ ಯಾರೂ ಹೊರಗ ಬರಬ್ಯಾಡ್ರಿ!"

ಶರಣಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಹಿಂದಿಗೆ ಹಾರುತ್ತ ಆರತಿ ಗುಡುಗುತ್ತಿದ್ದಳು. ಒಬ್ಬಳನ್ನು ಬೈದಳು, ಮರುಕ್ಷಣ ಅವಳನ್ನೇ ಭೇಷ್ ಅಂದಳು. ಕುತ್ತಿಗೆಯ ನರಗಳು ಉಬ್ಬಿದ್ದವು. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿದರು.

"ಯವ್ವಾ," ಎಂದು ದೇವಾನಂದ ಪಿಸುಗುಟ್ಟಿದ, "ಇಕಿ ನಮ್ಮ ಆರತೀನೇ ಏನು?"

"ನನಗೇನು ಕೇಳ್ತಿ," ಎಂದಳು ಶರಣಮ್ಮ, ಮಗಳಿಂದ ಕಣ್ಣು ತೆಗೆಯದೆ. "ನಾನೂ ಇವತ್ತೇ ನೋಡ್ಲಿಕತ್ತೀನಿ."

"ಅಣ್ಣಾ!" ಹಿಂದೆ ತಿರುಗದೆಯೇ ಆರತಿ ಕಿರುಚಿದಳು. "ಆ ಬಾಗಲಾ ಹಾಕು! ಗದ್ದಲ ಕೇಳ್ತದ!"

ದೇವಾನಂದ ಬೆಚ್ಚಿಬಿದ್ದು, ಇಣುಕುತ್ತಿದ್ದವರ ಮುಖದ ಮೇಲೆಯೇ ಬಾಗಿಲು ಹಾಕಿದ.