ಸಾಹೇಬನ ಚುಟ್ಟಾಕ್ಕೆ ಹುಕ್ಕೇರಿಯ ಹೆಪ್ಪು

ಈ ಕಥೆಯನ್ನು ಮೊದಲು ಹೇಳಿದವಳು ಹುಕ್ಕೇರಿಯಲ್ಲಿ ಹುಟ್ಟಿ, ಮೂಡಲಗಿ ಬಳಿಯ ತುಕ್ಕಾನಟ್ಟಿಗೆ ಸೊಸೆಯಾಗಿ ಬಂದ ಗೌರಕ್ಕ. ೧೯೩೮ರ ಬೇಸಿಗೆಯ ಒಂದು ಮಧ್ಯಾಹ್ನ, ಬೀಜದ ಶೇಂಗಾ ಸುಲಿಯಲು ಅವಳ ಪಡಸಾಲೆಯಲ್ಲಿ ಹೆಂಗಸರು ನೆರೆದಿದ್ದರು. ಅಂದು ಕೇಳಿದವರಲ್ಲಿ ಮೇಲವಂಕಿಯ ಕೆಂಚವ್ವನೂ ಒಬ್ಬಳು. ಅವಳು ಮುಂದೆ ಬೇರೆಡೆ ಹೇಳುವಾಗ ಕೊನೆಯನ್ನು ಕೊಂಚ ಬದಲಿಸಿಕೊಂಡಿದ್ದಾಳೆ. ಇಲ್ಲಿರುವುದು ಗೌರಕ್ಕ ಹೇಳಿದಂತೆಯೇ ಇದೆ.

ಹುಕ್ಕೇರಿಯಲ್ಲಿ ಉದ್ದಪ್ಪನೆಂಬ ತಂಬಾಕು ಪರೀಕ್ಷಕನಿದ್ದ. ಕೊರಳಲ್ಲಿ ಲಿಂಗ ಧರಿಸಿದವನು. ಹುಟ್ಟಿದಾಗಿನಿಂದ ಒಂದು ದಮ್ಮು ಹೊಗೆ ಎಳೆದವನಲ್ಲ. ಆದರೂ ಸುತ್ತಿನ ರೈತರು ತಮ್ಮ ಎಲೆಯನ್ನು ಅವನ ಕೈಗೆ ಕೊಟ್ಟು ಬಾಯಿ ನೋಡುತ್ತ ನಿಲ್ಲುತ್ತಿದ್ದರು. ಎಲೆಯನ್ನು ಬೆರಳಲ್ಲಿ ತಿಕ್ಕಿ, ಕಿವಿಯ ಬಳಿ ಹಿಡಿದು ಅದರ ಸಪ್ಪಳ ಕೇಳಿ, ಮೂಗಿಗೆ ತಂದು, “ಐತಿ” ಅಥವಾ “ಇಲ್ಲ” ಎನ್ನುವನು. ಮೂರನೆಯ ಮಾತು ಅವನ ಬಾಯಲ್ಲಿ ಬಂದದ್ದಿಲ್ಲ.

ಗೋಕಾಕದಲ್ಲಿ ಕಾಲುವೆಯ ಕೆಲಸ ನೋಡುತ್ತಿದ್ದ ಸಾಹೇಬನೊಬ್ಬನಿಗೆ ಇವನ ಮೂಗಿನ ಮೇಲೆ ಬಹಳ ನಂಬಿಕೆ. ದೊಡ್ಡ ಯುದ್ಧಕ್ಕೆ ಕರೆ ಬಂದಾಗ ಸಾಹೇಬ ಕುದುರೆ ಏರಿ ಹುಕ್ಕೇರಿಗೆ ಬಂದು, ಪರಿಮಳದ ಮರದ ಪೆಟ್ಟಿಗೆಯೊಂದನ್ನು ಉದ್ದಪ್ಪನ ಮುಂದಿಟ್ಟ. ಒಳಗೆ ಸಾಲಾಗಿ ಮಲಗಿದ್ದ ಕಂದು ಚುಟ್ಟಾಗಳು. ಕ್ಯೂಬಾ ಎಂಬ ನಡುಗಡ್ಡೆಯವು.

“ಉದ್ದಪ್ಪಾ, ನಾ ಬರೂತನಕ ಇದು ನಿನ್ನ ಹಂತ್ಯಾಕ ಇರ್ಲಿ. ಒಣಗಬಾರದು, ತೋಯಬಾರದು.”

ಉದ್ದಪ್ಪ ಲಿಂಗವನ್ನು ಮುಟ್ಟಿಕೊಂಡ. “ಹೆಂಗ ಕೊಟ್ಟೀರಿ ಹಂಗ ತಿರುಗಿ ಕೊಡತೇನ್ರಿ, ಸಾಹೇಬ್ರ.”

“ಹಂಗಽ ಅಲ್ಲ!” ಎಂದು ಸಾಹೇಬ ನಕ್ಕ. “ವರ್ಷ ಹೋದಂಗ ಇದು ಚಲೋ ಆಗತೈತಿ. ಚಲೋ ಆದದ್ದನ್ನ ಕೊಡು.”

ಸಾಹೇಬನ ಕುದುರೆ ಓಣಿ ದಾಟಿದ ಮೇಲೆ ಉದ್ದಪ್ಪನ ತಲೆಯೊಳಗೆ ಗುಂಗಿಹುಳ ಹೊಕ್ಕಿತು. ಹಳೆಯ ಹುಣಸೆ, ಹಳೆಯ ತುಪ್ಪ ಅವನಿಗೆ ಗೊತ್ತು. ಆದರೆ ಹುಕ್ಕೇರಿಯ ಎಲೆ ಎರಡು ಮಳೆಗಾಲ ಕಂಡರೆ ಕಸ. ಕೊಟ್ಟಂತೆಯೇ ತಿರುಗಿ ಕೊಟ್ಟರೆ ಸಾಹೇಬನ ಮಾತು ಕೆಟ್ಟಿತು; ಬದಲಾದದ್ದನ್ನು ಕೊಟ್ಟರೆ ತಾನು ಲಿಂಗ ಮುಟ್ಟಿ ಆಡಿದ ಮಾತು ಕೆಟ್ಟಿತು. ಯಾವುದನ್ನು ಉಳಿಸುವುದು?

ಪೆಟ್ಟಿಗೆಯನ್ನು ಹೊಸ ಗಡಿಗೆಯೊಂದರಲ್ಲಿ ಇರಿಸಿ, ಬಾಯಿಗೆ ಅರಿವೆ ಕಟ್ಟಿ, ನೀರಿನ ಹರವಿಗಳ ಪಕ್ಕದ ತಂಪಿನಲ್ಲಿಟ್ಟ. ಮೊದಲ ವರ್ಷ ತೆರೆದಾಗ ಕುದುರೆಲಾಯದ ಘಾಟು ಮೂಗಿಗೆ ಹೊಡೆಯಿತು. ಹೆಂಡತಿ ಸಾತವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಏನ್ರಿ, ಸಾಹೇಬ ಕುದುರಿ ಇಲ್ಲೇ ಕಟ್ಟಿ ಹೋಗ್ಯಾನೇನ?”

“ಸುಮ್ನಿರ. ಇದು ಚಲೋ ಆಗಾಕತ್ತೈತಿ.”

“ಹಿಂಗಽ ಚಲೋ ಆಕ್ಕೋತ ಹೋದ್ರ ನಾ ತವರಮನಿಗಿ ಹೋಗತೇನಿ ನೋಡ್ರಿ.”

ಮರುವರ್ಷ ಆ ಘಾಟು ಇರಲಿಲ್ಲ. ಅದರ ಬೆನ್ನಿಗೆ ಮಿಕ್ಕ ವಾಸನೆಯೂ ಹೊರಟುಹೋದಂತಿತ್ತು. ಉದ್ದಪ್ಪ ಮೂಗು ಒತ್ತಿ ಒತ್ತಿ ನೋಡಿದ. ಮಣ್ಣಿನ ಗಡಿಗೆಯ ವಾಸನೆಯಷ್ಟೇ ಬಂತು. ಚುಟ್ಟಾಗಳ ಮೈಮೇಲೆ ಬೂದಿಯಂಥ ಬಿಳಿಯ ಪುಡಿ ಕೂತಿತ್ತು. ಬೂಷ್ಟೋ, ಬಂಗಾರದಂಥ ಎಲೆ ತಾನೇ ಬಿಟ್ಟ ಬೆವರೋ? ಒಂದನ್ನು ಒರೆಸಿದ, ಒಂದನ್ನು ಬಿಟ್ಟ. ಆಮೇಲೆ ಒರೆಸಿದ್ದು ತಪ್ಪಾಯಿತೋ ಬಿಟ್ಟದ್ದು ತಪ್ಪಾಯಿತೋ ತಿಳಿಯದೆ ಊಟ ಬಿಟ್ಟು ಕೂತ.

“ಮನಿಯೊಳಗ ಇನ್ನೊಬ್ಬ ಅತ್ತಿ ಬಂದು ಕುಂತಂಗ ಆಗೇತಿ ಈ ಪೆಟಿಗಿ,” ಎಂದಳು ಸಾತವ್ವ. “ಉಂಡಿಯಾ, ಮಲಗಿದಿಯಾ ಅಂತ ದಿನಾ ಕೇಳಬೇಕು. ಸತ್ತೈತಿ ಅಂದ್ರ ಸತ್ತೈತಿ ಅನ್ರಿ.”

“ಸತ್ತಿದ್ರ ನನ್ನ ಮಾತೂ ಸತ್ತಂಗ, ಸಾತವ್ವಾ.”

ಹಾಗೆ ಹೇಳಿ ತಲೆ ಎತ್ತಿದರೆ, ಹೆಂಡತಿ ಬೆಳಗಿನ ಹಾಲಿಗೆ ಒಂದು ಹನಿ ಮೊಸರು ಬಿಟ್ಟು ಹೆಪ್ಪು ಹಾಕುತ್ತಿದ್ದಳು. ಉದ್ದಪ್ಪ ಅದನ್ನೇ ನೋಡುತ್ತ ಕೂತ. ಜೀವ ಇಲ್ಲದ ಹಾಲು ಒಂದು ಹನಿಯಿಂದ ಎಚ್ಚರಗೊಳ್ಳುವುದಾದರೆ, ಎಲೆ ಯಾಕೆ ಎಚ್ಚರಗೊಳ್ಳಬಾರದು? ಅಟ್ಟದಿಂದ ಆ ವರ್ಷದ ತನ್ನ ಅತ್ಯುತ್ತಮ ಎಲೆಗಳನ್ನು ತಂದ; ಮುಂಜಾನೆಯ ಮಂಜಿನಲ್ಲಿ ಮೆತ್ತಗಾಗಿಸಿದ ಎಲೆಗಳು, ಖಾರವಾದ ಜೀವಂತ ವಾಸನೆಯವು. ಅವುಗಳನ್ನು ಸಾಹೇಬನ ಚುಟ್ಟಾಗಳ ನಡುವೆ ಹಾಸಿ ಮುಚ್ಚಿದ. ತಂಬಾಕಿಗೆ ಹೆಪ್ಪು ಹಾಕಿದವನು ಆ ಸೀಮೆಯಲ್ಲಿ ಅವನೊಬ್ಬನೇ.

ಮುಂದಿನ ವರ್ಷಗಳಲ್ಲಿ ಪೆಟ್ಟಿಗೆ ತೆರೆದಾಗಲೆಲ್ಲ ವಾಸನೆ ಬರತೊಡಗಿತು. ಉದ್ದಪ್ಪನಿಗೆ ಹಿಗ್ಗು. ಆದರೆ ಆ ವಾಸನೆಗೆ ಹೆಸರು ಹಚ್ಚಲು ಆಗಲಿಲ್ಲ. ಹಳೆಯ ಬೆಲ್ಲವೇ? ಮಳೆ ಬಿದ್ದ ಕರೀ ಹೊಲವೇ? ತೊಗಲಿನ ಜೀನೇ? ತನ್ನ ಎಲೆಯನ್ನು ಎತ್ತಿ ಮೂಸಿದರೆ ಅದರಲ್ಲಿ ಸಾಹೇಬನ ಮರದ ಪರಿಮಳ. ಚುಟ್ಟಾವನ್ನು ಮೂಸಿದರೆ ಅದರಲ್ಲಿ ಹುಕ್ಕೇರಿಯ ಖಾರ. ಯಾರು ಯಾರನ್ನು ಎಬ್ಬಿಸಿದರು, ಯಾರು ಯಾರನ್ನು ನುಂಗಿದರು ಎಂಬುದು ಬಗೆಹರಿಯಲಿಲ್ಲ.

ಯುದ್ಧ ಮುಗಿದ ಮರುವರ್ಷ ಸಾಹೇಬ ಗೋಕಾಕಕ್ಕೆ ಬಂದಿದ್ದಾನೆಂಬ ಸುದ್ದಿ ಬಂತು. ಉದ್ದಪ್ಪ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂಡಿಯಲ್ಲಿ ಹೊರಟ. ಸಾಹೇಬನ ಮೀಸೆ ನರೆತಿತ್ತು, ಉಸಿರು ಕೀಂಯ್ಗುಡುತ್ತಿತ್ತು. ಬಟ್ಲರ್ ಕೇದಾರಿ ಕುರ್ಚಿಯ ಹಿಂದೆ ನಿಂತಿದ್ದ.

ಸಾಹೇಬ ಚುಟ್ಟಾ ಒಂದನ್ನು ಎತ್ತಿಕೊಂಡು ಕಿವಿಯ ಬಳಿ ಹೊರಳಿಸಿದ. ಮೂಗಿಗೆ ಮಾತ್ರ ತರಲಿಲ್ಲ. ಅದನ್ನು ಉದ್ದಪ್ಪನತ್ತ ಚಾಚಿದ.

“ನೀ ಹೇಳು. ಯುದ್ಧದಾಗ ವಿಷದ ಹೊಗಿ ಬಿಟ್ಟಿದ್ರು. ನನ್ನ ಮೂಗು ಅಲ್ಲೇ ಹೋತು. ಗುಲಾಬಿನೂ ಒಂದಽ, ಗಟಾರೂ ಒಂದಽ. ಇದು ಚಲೋ ಆಗೇತೇನು?”

ಉದ್ದಪ್ಪ ಚುಟ್ಟಾವನ್ನು ಮೂಸಿದ. “ಐತಿ” ಎಂದರೆ ಸಾಹೇಬ ನಂಬುತ್ತಾನೆ. ಅವನು ಚುಟ್ಟಾವನ್ನು ತಿರುಗಿ ಸಾಹೇಬನ ಕೈಗೇ ಇಟ್ಟ.

“ಸಾಹೇಬ್ರ, ನಾ ಇದಕ್ಕ ನಮ್ಮ ಎಲಿ ಹೆಪ್ಪ ಹಾಕೇನ್ರಿ. ಸತ್ತೈತಿ ಅಂತ ತಿಳಿದಿದ್ನಿ. ಈಗ ಮೂಸಿದ್ರ ನಿಮ್ದ ಯಾವುದು, ನಮ್ದ ಯಾವುದು, ನನಗ... ಗೊತ್ತಾಗವಲ್ದ್ರಿ.”

ಸಾಹೇಬ ಅವನನ್ನೇ ನೋಡಿದ. ಆಮೇಲೆ, “ಹಿಂದಿನ ವಾಸನೀನಽ ಐತೇನು, ನೀ ನೋಡು,” ಎಂದು ಕೇದಾರಿಯ ಕಡೆ ತಿರುಗಿದ. ಹಿಂದೆ ಸಾಹೇಬನ ಚುಟ್ಟಾಗಳಿಗೆ ಕಡ್ಡಿ ಗೀರುತ್ತಿದ್ದವನು ಅವನೇ. ಈಗಲೂ ಅವನೇ ಕಡ್ಡಿ ಗೀರಿದ. ಹೊಗೆ ಎದ್ದಿತು. ಕೇದಾರಿ ಮೂಗರಳಿಸಿದ.

“ಅದಽ ಐತ್ರಿ,” ಎಂದ. ಮತ್ತೊಮ್ಮೆ ಮೂಸಿ, “ಅದ ಅಲ್ಲ ತಗೋರಿ,” ಎಂದ.

“ಒಂದ ಏನರ ಹೇಳೋ!” ಎಂದು ಸಾಹೇಬ ಗದರಿದ.

“ಹೇಳಾಕ ನನಗ ಹಿಂದಿಂದರ ಎಲ್ಲಿ ನೆನಪೈತ್ರಿ?”

ಸಾಹೇಬ ಆ ಚುಟ್ಟಾವನ್ನು ಕೊನೆಯ ತುಣುಕಿನವರೆಗೆ ಸೇದಿದ. ಬಿಳಿಯ ಬೂದಿ ಉದ್ದಕ್ಕೆ ನಿಂತು ತಡವಾಗಿ ಬಿತ್ತು. ಉದ್ದಪ್ಪ ಆ ಬೂದಿಯನ್ನೇ ನೋಡುತ್ತ ನಿಂತ. ಕೊನೆಯವರೆಗೆ ಸೇದಿದನಲ್ಲ, ಚಲೋ ಆಗಿರಬೇಕು ಎಂದುಕೊಂಡ. ಆದರೆ ಮೂಗಿಲ್ಲದವನು ಜೋಳದ ಕಣಿಕೆಯನ್ನಾದರೂ ಕೊನೆಯವರೆಗೆ ಸೇದಿಯಾನು!

“ಸಾಹೇಬ್ರ, ನನ್ನ ಮಾತ ಉಳೀತೋ ಹೋತೋ? ಅಷ್ಟ ಹೇಳ್ರಿ.”

“ನಾ ಅದನ್ನಽ ನಿನ್ನ ಕೇಳಬೇಕಂತ ಕುಂತಿದ್ನಲ್ಲೋ, ಉದ್ದಪ್ಪಾ,” ಎಂದ ಸಾಹೇಬ. ಪೆಟ್ಟಿಗೆಯನ್ನು ತನ್ನೆಡೆಗೆ ಎಳೆದುಕೊಂಡ. ಹೆಪ್ಪಿನ ಎಲೆಗಳನ್ನು ತೆಗೆಯಲು ಉದ್ದಪ್ಪ ಕೈ ಹಾಕಿದಾಗ, “ಇರ್ಲಿ, ಇರ್ಲಿ,” ಎಂದು ಮುಚ್ಚಳ ಹಾಕಿದ. ಉದ್ದಪ್ಪ ಬರೀ ಗಡಿಗೆಯೊಂದಿಗೆ ಊರಿಗೆ ಬಂದ.

ಮುಂದಿನ ಸಂತೆಯಲ್ಲಿ ರೈತನೊಬ್ಬ ಎಲೆ ಕೊಟ್ಟ. ಉದ್ದಪ್ಪ ತಿಕ್ಕಿದ, ಸಪ್ಪಳ ಕೇಳಿದ, ಮೂಸಿದ. “ಇವತ್ತ ಹಿಂಗೈತಿ ನೋಡಪಾ. ನಾಳಿಂದು ನನಗ ಗೊತ್ತಿಲ್ಲ,” ಎಂದ. ಸಂತೆಯ ಜನ ಒಬ್ಬರ ಮುಖ ಒಬ್ಬರು ನೋಡಿದರು.

ಗೌರಕ್ಕ ಅಷ್ಟಕ್ಕೆ ನಿಲ್ಲಿಸಿ ಮೊರವನ್ನು ಕೊಡವಿದಳು.

“ಅಲ್ಲವಾ, ಚುಟ್ಟಾ ಕೆಟ್ಟಿತ್ತೋ ಚಲೋ ಆಗಿತ್ತೋ?” ಎಂದು ಕೆಂಚವ್ವ ಕೇಳಿದಳು.

“ಉದ್ದಪ್ಪಗಽ ತಿಳೀಲಿಲ್ಲ, ನನಗ ಹೆಂಗ ತಿಳೀಬೇಕವಾ?”

“ಕೆಟ್ಟಿತ್ತು,” ಎಂದಳು ಒಬ್ಬಳು. “ಕೆಟ್ಟಿದ್ರ ಸಾಹೇಬ ಆ ಎಲಿ ಯಾಕ ಇಟ್ಟುಕೊಂಡ?” ಎಂದಳು ಇನ್ನೊಬ್ಬಳು. ಅಷ್ಟರಲ್ಲಿ ದನಗಳು ಓಣಿಗೆ ಬಂದವು. ಹೆಂಗಸರು ಸೀರೆಗೆ ಅಂಟಿದ ಶೇಂಗಾಸಿಪ್ಪೆ ಕೊಡವಿಕೊಂಡು ಎದ್ದು, ಅದೇ ಮಾತನ್ನು ಆಡುತ್ತ ತಮ್ಮ ತಮ್ಮ ಮನೆಗೆ ಹೋದರು.